ಬೀಗ ಹಾಕಿ ಕುಡಿತ ಬಿಡಿಸಬೇಡಿ

(ಮಾನಸಿಕ ಆಸ್ಪತ್ರೆಯ ವ್ಯಸನಮುಕ್ತಿ ವಾರ್ಡಿನಲ್ಲಿ 27 ವರ್ಷ ದುಡಿದು, ಈಗ ಮಡಿಕೇರಿ ಹತ್ತಿರದ ತಮ್ಮೂರಿನಲ್ಲಿರುವ ನಿವೃತ್ತ ನರ್ಸ್ ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸಿಸ್ಟರ್, ನಮ್ಮಣ್ಣನಿಗೆ 44 ವರ್ಷ. ಮಕ್ಕಂದೂರು ಕಡೆ ಎರಡೂವರೆ ಎಕರೆ ಕಾಫಿ ತೋಟ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮುಕ್ಕಾಲು ಪಾಲು ಹೋಯಿತು. ಈಗ ಬೇರೆಯವರ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾನೆ. ಮೊದಲೆಲ್ಲ ಮದುವೆ, ಹುತ್ತರಿ ಹಬ್ಬಕ್ಕೆ ಮಾತ್ರ ಕುಡಿಯುತ್ತಿದ್ದವನು ಈಗ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾನೆ. ಬೆಳಿಗ್ಗೆ ಕೈ ನಡುಗಿ ಕಾಫಿ ಲೋಟ ಹಿಡಿಯಲಾಗುವುದಿಲ್ಲ. ಹೋದ ತಿಂಗಳು ದೇವರ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂರಿಸಿ ಬೀಗ ಹಾಕಿದೆವು. ಎರಡನೇ ದಿನ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆ ತುಂಬಾ ಜಿಗಣೆ ಎಂದು ಕಿರುಚಿದ. ಹೆದರಿ ನಾವೇ ಮತ್ತೆ ಕುಡಿಸಿದೆವು. ಅಮ್ಮ ಗಾಳಿ ಸೋಕಿದೆ ಅಂತಾರೆ. ಮಳೆ ಜೋರಾದರೆ ರಾತ್ರಿ ಎದ್ದು ಕೂರುತ್ತಾನೆ, ‘ಆವತ್ತೇ ನಾನೂ ಹೋಗಬೇಕಿತ್ತು’ ಅನ್ನುತ್ತಾನೆ. ಬಸ್ ಹತ್ತಿಸಿ ನಿಮ್ಹಾನ್ಸ್‌ಗೆ ಕರೆದೊಯ್ಯಲೇ? ಊಟದಲ್ಲಿ ಬೆರೆಸುವ ಪುಡಿ ಸಿಗುತ್ತದಂತೆ, ಅದು ಸಾಕೇ? ಮೆಂಟಲ್ ಆಸ್ಪತ್ರೆ ಅಂದರೆ ಊರವರು ಏನಂತಾರೋ ಎಂಬ ಭಯ.
– ಒಬ್ಬ ತಂಗಿ, ಮಡಿಕೇರಿ ತಾಲ್ಲೂಕು

ಉತ್ತರ: ಜಿಗಣೆ ಅಂತ ಓದಿ ಕಾಗದ ಕೆಳಗಿಟ್ಟೆ. ನಮ್ಮ ಚಿಕ್ಕಪ್ಪನಿಗೂ ಜಿಗಣೆಯೇ ಕಂಡಿದ್ದು. ನಾನಾಗ ನರ್ಸಿಂಗ್ ಮೊದಲ ವರ್ಷ, ರಜೆಗೆ ಊರಿಗೆ ಬಂದಿದ್ದೆ. ಅವರನ್ನು ಕಾಫಿ ಮೂಟೆ ಇಡುವ ಕೋಣೆಯಲ್ಲಿ ಕೂಡಿಹಾಕಿದ್ದರು. ಮಂತ್ರವಾದಿ ಬಂದು ನೂಲು ಕಟ್ಟಿ ಹೋದ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಚಿಕ್ಕಪ್ಪ ಇರಲಿಲ್ಲ. ಕುಡಿದು ಸತ್ತ ಅಂತ ಊರೆಲ್ಲ ಹೇಳಿತು. ಕುಡಿತವನ್ನು ತಟ್ಟನೆ ನಿಲ್ಲಿಸಿದ್ದಕ್ಕೆ ಸತ್ತರು ಅಂತ ನನಗೆ ತಿಳಿದಿದ್ದು ವಾರ್ಡಿಗೆ ಬಂದ ಮೇಲೆ.

ನಿಮ್ಮಣ್ಣನಿಗೆ ಗಾಳಿ ಸೋಕಿಲ್ಲ, ಹುಚ್ಚೂ ಹಿಡಿದಿಲ್ಲ. ದಿನಾ ಮದ್ಯ ಬಿದ್ದರೆ ಮಿದುಳು ಆ ಮಂಪರನ್ನು ಎದುರಿಸಿ ಎಚ್ಚರವಾಗಿರಲು ಜಾಸ್ತಿ ದುಡಿಯುತ್ತದೆ. ಮದ್ಯ ನಿಂತರೂ ಆ ದುಡಿತ ನಿಲ್ಲುವುದಿಲ್ಲ. ಆರೆಂಟು ಗಂಟೆಯಲ್ಲಿ ನಡುಕ, ಬೆವರು ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಅಂತಲೂ ತಿಳಿಯುವುದಿಲ್ಲ. ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು, ವಾರ್ಡಿನಲ್ಲಿ ನಾವು ಡಿ.ಟಿ. ಅನ್ನುತ್ತಿದ್ದೆವು. ಒಮ್ಮೆ ಬಂದವರಿಗೆ ಇನ್ನೊಮ್ಮೆ ಬರುವ ಸಂಭವ ಹೆಚ್ಚು. ಆದ್ದರಿಂದ ಆ ಬೀಗ ಮತ್ತೆ ಮುಟ್ಟಬೇಡಿ. ಡಾಕ್ಟರನ್ನು ಕಾಣುವ ತನಕ ನೀವಾಗಿ ಪೂರ್ತಿ ನಿಲ್ಲಿಸಲೂ ಬೇಡಿ.

ಬಸ್ಸಿನಲ್ಲಿ ಬೆಂಗಳೂರಿಗೆ ಆರು ಗಂಟೆಯಾದರೂ ಬೇಕು. ಕುಡಿಸದೆ ಹತ್ತಿಸಿದರೆ ಮೈಸೂರು ಮುಟ್ಟುವಷ್ಟರಲ್ಲೇ ಕಷ್ಟ ಆಗಬಹುದು. ಮೊದಲು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ, ಅಲ್ಲಿ ಮನೋವೈದ್ಯರಿದ್ದಾರೆ. ನಿಮ್ಹಾನ್ಸ್ ಬೇಕಾ ಅಂತ ಅವರೇ ಹೇಳಲಿ. ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತು, ಜಿಗಣೆ ಕಂಡಿತ್ತು, ಇಷ್ಟನ್ನು ಮೊದಲ ಮಾತಲ್ಲೇ ಹೇಳಿ. ‘ಸ್ವಲ್ಪ ತಗೋತಾನೆ ಡಾಕ್ಟ್ರೇ’ ಅನ್ನಬೇಡಿ. ಮರ್ಯಾದೆಗೆ ಅಂಜಿ ಎಲ್ಲರೂ ಹಾಗೇ ಅನ್ನುತ್ತಾರೆ. ಒಂದು ಕ್ವಾರ್ಟರ್ 180 ಮಿಲಿ, ಅಂದರೆ 30 ಮಿಲಿಯ ಆರು ಪೆಗ್. ನಿಮ್ಮಣ್ಣನದು ದಿನಕ್ಕೆ ಹನ್ನೆರಡು. ಮಾತ್ರೆಯ ಲೆಕ್ಕ ನಿಲ್ಲುವುದು ಇದರ ಮೇಲೆ.

ವಾರ್ಡಿನಲ್ಲಿ ಏನು ಮಾಡುತ್ತಾರೆ? ಕ್ಲೋರ್‌ಡಯಜಿಪಾಕ್ಸೈಡ್ ಅಥವಾ ಲೋರಾಜಿಪಾಮ್ ಎಂಬ ಮಾತ್ರೆಯನ್ನು ನಡುಕ ನೋಡಿಕೊಂಡು ಕೊಡುತ್ತಾರೆ. ದಿನ ದಿನ ಇಳಿಸುತ್ತಾ, ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ನಿಲ್ಲಿಸುತ್ತಾರೆ. ಜೊತೆಗೆ ಬಿ1, ಅಂದರೆ ಥಯಮಿನ್ ಇಂಜೆಕ್ಷನ್. ನಮ್ಮ ಕಡೆ ಗ್ಲೂಕೋಸ್ ಬಾಟಲಿ ಅಂದರೆ ಅಮೃತ ಅಲ್ವಾ? ಜಾಸ್ತಿ ಕುಡಿದು, ಊಟ ಬಿಟ್ಟ ಮೈಗೆ ಬಿ1 ಇಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತಪ್ಪುತ್ತದೆ, ನೆನಪು ಹೋಗುತ್ತದೆ. ಎಲ್ಲೇ ಡ್ರಿಪ್ ಹಾಕಲಿ, ‘ಬಿ1 ಕೊಟ್ರಾ?’ ಅಂತ ಕೇಳಿ. ಗದರಿದರೆ ಗದರಲಿ.

ಆ ವಾರ ಕಳೆದರೆ ಮೈ ಸುಧಾರಿಸಿತು, ಅಷ್ಟೇ. ಮಳೆಗೆ ಎದ್ದು ಕೂರುವವನು ಇನ್ನೂ ಹಾಗೇ ಇದ್ದಾನೆ. ಮದ್ಯವೂ ಮನಸ್ಸನ್ನು ಕುಗ್ಗಿಸುತ್ತದೆ. ಹಾಗಾಗಿ ಎಷ್ಟೋ ಸಲ ಡಾಕ್ಟರು ಕುಡಿತ ಬಿಟ್ಟು ಎರಡು ಮೂರು ವಾರ ನೋಡಿ ಆಮೇಲೆ ಖಿನ್ನತೆಯ ಮಾತ್ರೆ ಯೋಚಿಸುತ್ತಾರೆ. ಆದರೆ ನಿಮ್ಮಣ್ಣನ ಗುಡ್ಡದ ಕಥೆ, ‘ನಾನೂ ಹೋಗಬೇಕಿತ್ತು’ ಅನ್ನುವ ಮಾತು, ಇವನ್ನು ಮೊದಲ ದಿನವೇ ಹೇಳಿ. ಬರೀ ಕುಡುಕ ಅಂತ ಬರೆಸಿಕೊಂಡು ಬಂದರೆ ಅರ್ಧ ಕಾಯಿಲೆ ಮನೆಯಲ್ಲೇ ಉಳಿಯುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮನೆಯಲ್ಲಿ ಕೋವಿ ಇದೆಯಾ? ಕೊಡಗಿನಲ್ಲಿ ಇದನ್ನು ಕೇಳಲೇಬೇಕು. ಇದ್ದರೆ ಅದು ಅಣ್ಣನ ಕೈಗೆ ಸಿಗದ ಹಾಗಾಗಲಿ. ಠಾಣೆಯಲ್ಲಿ ಕಾನೂನು ಪ್ರಕಾರ ಇರಿಸಲು ದಾರಿ ಇದೆ, ಹೋಗಿ ಕೇಳಿ. ತೋಟಕ್ಕೆ ಹೊಡೆಯುವ ಔಷಧಿಯನ್ನೂ ಮನೆಯಿಂದ ಆಚೆ ಸಾಗಿಸಿ. ಸಾಯುವ ಮಾತಾಡುವವರ ಹತ್ತಿರ ‘ಅಣ್ಣಾ, ಜೀವ ಕಳಕೊಳ್ಳೋ ಯೋಚನೆ ಬರುತ್ತಾ?’ ಅಂತ ನೇರ ಕೇಳಿದರೆ ಏನೂ ಕೆಡುವುದಿಲ್ಲ. ನಾನು ಕೇಳಿದವರಲ್ಲಿ ಹೆಚ್ಚಿನವರು ನಿಟ್ಟುಸಿರು ಬಿಟ್ಟು ಮಾತಿಗೆ ಕೂತಿದ್ದಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿ ಎರಡು ಗಂಟೆಗೂ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪುಡಿ ಬೇಡವೇ ಬೇಡ. ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಮದ್ದು ಬೆರೆಸಿದ್ದರೆ, ಅದರ ಮೇಲೆ ಕುಡಿದಾಗ ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಕುಸಿಯುತ್ತದೆ. ಆಸ್ಪತ್ರೆಯಲ್ಲೂ ಆ ಮಾತ್ರೆ ಉಂಟು. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡುತ್ತಾರೆ. ಕದ್ದು ಕೊಡುವ ಮದ್ದಲ್ಲ ಅದು.

ಊರವರ ವಿಷಯ. ಅವರು ಈಗಲೂ ಏನೋ ಅಂತಾನೇ ಇದ್ದಾರೆ, ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದ ಕಾಯಿಲೆಗೂ ಅನ್ವಯಿಸುತ್ತದೆ. ಸರಪಳಿ ಹಾಕುವಂತಿಲ್ಲ, ರೋಗಿಯ ವಿಷಯ ಹೊರಗೆ ಹೇಳುವಂತಿಲ್ಲ. ಯೋಚಿಸಿ ನಿರ್ಧರಿಸುವ ಶಕ್ತಿ ಇದ್ದು ತಾನಾಗಿ ಸೇರಿದವನು ಹೊರಡುತ್ತೇನೆ ಅಂದರೆ ಸಾಮಾನ್ಯವಾಗಿ ಕಳಿಸಬೇಕು. ಇದನ್ನು ಅಣ್ಣನಿಗೂ ಹೇಳಿ. ಬಾಗಿಲಿಗೆ ಬೀಗವಿಲ್ಲ ಅಂತ ಗೊತ್ತಾದ ಮೇಲೆ ಒಳಗೆ ಬಂದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಟ್ಟು ಐದು ತಿಂಗಳಾಯಿತು. ಡೈಸಲ್ಫಿರಾಮ್ ನುಂಗುತ್ತಿದ್ದಾರೆ. ಹುತ್ತರಿಗೆ ನೆಂಟರು ಬರುತ್ತಾರೆ. ಮನೆಯಲ್ಲೇ ಮಾಡಿದ ವೈನ್ ಒಂದು ಗ್ಲಾಸ್ ಕೊಡಬಹುದಾ?
– ಗೃಹಿಣಿ, ವಿರಾಜಪೇಟೆ

ಉತ್ತರ: ಬೇಡ. ಮನೆ ವೈನ್ ಆದರೇನು, ಬ್ರಾಂದಿಯಾದರೇನು, ಒಳಗಿರುವುದು ಅದೇ ಮದ್ಯ. ‘ಹಬ್ಬಕ್ಕೆ ಮಾತ್ರೆ ಎರಡು ದಿನ ಬಿಟ್ಟರಾಯ್ತು’ ಅಂತ ಯಾವುದಾದರೂ ಬಾವ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಬಿಟ್ಟ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ನೆಂಟರಿಗೆ ಗ್ಲಾಸ್ ತುಂಬಿಸುವ ಕೆಲಸ ಯಜಮಾನರಿಗೆ ಕೊಡಬೇಡಿ. ಅಡುಗೆಮನೆಯಲ್ಲಿ ಬಾಳೆಹಣ್ಣು ಸುಲಿದು ತಂಬಿಟ್ಟು ಕಲಸಲು ಕೂರಿಸಿ.