ಎಂಟು ಲೈಟ್ ಹಾಕಿದರೂ ಹಾಲ್ ಕತ್ತಲೆಯೇ? ಮೊದಲು ಕೋಣೆಯ ಅಳತೆ ನೋಡಿ

ಡೊಂಬಿವಲಿಯ ಒನ್ ಬಿಎಚ್‌ಕೆ ಹಾಲನ್ನು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನಲ್ಲಿ ಕಟ್ಟಿದ್ದೀರಿ, ಎಂಟು ಲೈಟ್ ಹಾಕಿದರೂ ರೆಂಡರ್ (ಕೊನೆಗೆ ಬರುವ ಚಿತ್ರ) ಕಪ್ಪು, ಇನ್ನೆಷ್ಟು ಹಾಕಲಿ ಅಂತ ಕೇಳಿದ್ದೀರಿ. ಒಂದೂ ಬೇಡ. ಇರುವ ಎಂಟನ್ನೂ ಅಳಿಸಿ.

ಠಾಣೆಯ ಒಂದು ಫ್ಲಾಟಿಗೆ ನಾನು ಹದಿನಾಲ್ಕು ಹಾಕಿದ್ದೆ. ಕೈಗೆ ಬಂದ ನಕ್ಷೆಯ ಡಿಎಕ್ಸ್‌ಎಫ್ ಫೈಲ್ ಮಿಲಿಮೀಟರಿನಲ್ಲಿತ್ತು. ಬ್ಲೆಂಡರ್ ಅದನ್ನು ಮೀಟರ್ ಅಂತಲೇ ಓದಿಕೊಂಡಿತು. 3.05 ಮೀಟರಿನ ಹತ್ತಡಿ ಕೋಣೆ 3050 ಮೀಟರ್ ಆಯಿತು. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರಿಂದ ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ಆದರೆ ಪಾಯಿಂಟ್, ಸ್ಪಾಟ್, ಏರಿಯಾ ಲೈಟುಗಳ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಸಾವಿರ ಪಟ್ಟಾದರೆ ಗೋಡೆಗೆ ಮುಟ್ಟುವುದು ಹತ್ತು ಲಕ್ಷದಲ್ಲೊಂದು ಪಾಲು. 40 ವ್ಯಾಟ್ ಸಾಕಾಗುವ ಕಡೆ 4 ಕೋಟಿ ವ್ಯಾಟ್ ಬೇಕು! ಹದಿನಾಲ್ಕಲ್ಲ, ನೂರು ಹಾಕಿದರೂ ಅಷ್ಟೇ. ಸುಳಿವೂ ಸಿಕ್ಕಿತ್ತು: ವ್ಯೂ ಹಿಂದಕ್ಕೆ ಎಳೆದಾಗ ಗೋಡೆಗಳು ಕತ್ತರಿಸಿದಂತೆ ಮಾಯವಾಗುತ್ತಿದ್ದವು. ಯಾಕೆ ಅಂತ ನೋಡುವ ಬದಲು ಎಷ್ಟು ದೂರದವರೆಗೆ ತೋರಿಸಬೇಕು ಅನ್ನುವ ಕ್ಲಿಪ್ ಎಂಡ್ ಏರಿಸಿ ಮುಂದೆ ಹೋದೆ. ಎರಡು ರಾತ್ರಿ ಹೋಯಿತು, ಆ ಕೆಲಸವೂ ಹೋಯಿತು.

'ಎನ್' ಒತ್ತಿ, ಐಟಂ ಟ್ಯಾಬಿನಲ್ಲಿ ಗೋಡೆಯ ಡೈಮೆನ್ಶನ್ಸ್ ನೋಡಿ. ಸಾವಿರಗಟ್ಟಲೆ ಮೀಟರ್ ಇದ್ದರೆ: ಶಿಫ್ಟ್-ಸಿ ಒತ್ತಿ ಕರ್ಸರನ್ನು ಮೂಲಬಿಂದುವಿಗೆ ತನ್ನಿ, ಹಿಗ್ಗಿಸುವ-ಕುಗ್ಗಿಸುವ ಕೇಂದ್ರವಾದ ಪಿವಟ್ ಪಾಯಿಂಟನ್ನು ತ್ರೀಡಿ ಕರ್ಸರ್‌ಗೆ ಬದಲಿಸಿ, 'ಎ' ಒತ್ತಿ ಎಲ್ಲವನ್ನೂ ಆರಿಸಿ, 'ಎಸ್' ಒತ್ತಿ 0.001, ಎಂಟರ್. ಕೊನೆಗೆ ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಒಂದೇ ಮೆಶ್ (ಆಕಾರದ ಡೇಟಾ) ಹಂಚಿಕೊಂಡ ಕುರ್ಚಿಗಳಿದ್ದರೆ ಅಪ್ಲೈ ಆಗುವುದಿಲ್ಲ. ಅವನ್ನು ಮೊದಲು ಸಿಂಗಲ್ ಯೂಸರ್ ಮಾಡಬೇಕು, ಅಂದರೆ ಪ್ರತಿಯೊಂದಕ್ಕೂ ತನ್ನದೇ ಮೆಶ್ ಕೊಡಬೇಕು.

ಆಮೇಲೆ ಒಂದೇ ಒಂದು ಸನ್ ಲೈಟ್ ಹಾಕಿ. ಎಲ್ಲಿಟ್ಟರೂ ಒಂದೇ, ಯಾವ ಕಡೆ ತಿರುಗಿದೆ ಅನ್ನುವುದಷ್ಟೇ ಮುಖ್ಯ. ಸ್ಟ್ರೆಂತ್ 3, ಆಂಗಲ್ 0.53 ಡಿಗ್ರಿ, ಆಕಾಶದಲ್ಲಿ ನಿಜವಾದ ಸೂರ್ಯ ಕಾಣುವುದೂ ಅಷ್ಟೇ ಅಗಲ. ಕಿಟಕಿಗೆ ಗ್ರಿಲ್ ಇದ್ದರೆ ಟೈಲ್ಸ್ ಮೇಲೆ ಅದರ ನೆರಳು ಗಮನಿಸಿ. ಕೆಳಗಿನ ಸಲಾಕೆಯದು ಕಿಟಕಿ ಬುಡದಲ್ಲೇ ಚೂಪಾಗಿ ಬೀಳುತ್ತದೆ. ಮೇಲಿನದು 2 ಮೀಟರ್ ಸಾಗಿ ಬರುವಷ್ಟರಲ್ಲಿ ಅಂಚು ಸುಮಾರು 18 ಮಿಲಿಮೀಟರ್ ಹರಡಿ, 12 ಮಿಲಿಮೀಟರ್ ಸಲಾಕೆ ಮಸುಕು ಗೆರೆಯಾಗುತ್ತದೆ. ಹೀಗೆ ಬಂದರೆ ಸನ್‌ನ ಆಂಗಲ್ ಸರಿಯಾಗಿದೆ ಅಂತಲೇ ಲೆಕ್ಕ.

ಬ್ಲೆಂಡರಿನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ಮೂಲೆಗಳು ಚುಕ್ಕೆಚುಕ್ಕೆಯಾದರೆ ಕಿಟಕಿಯಷ್ಟೇ ಅಳತೆಯ ಏರಿಯಾ ಲೈಟನ್ನು ಹೊರಗೆ, ಒಳಮುಖವಾಗಿ ಇಟ್ಟು ಪೋರ್ಟಲ್ ಟಿಕ್ ಮಾಡಿ. ಅದು ತಾನೇ ಬೆಳಗುವುದಿಲ್ಲ, ವರ್ಲ್ಡ್‌ನ (ದೃಶ್ಯದ ಸುತ್ತಲ ಹಿನ್ನೆಲೆಯ) ಬೆಳಕಿಗೆ ದಾರಿ ತೋರಿಸುತ್ತದೆ. ಹಾಗಾಗಿ ವರ್ಲ್ಡ್ ಕಪ್ಪಿರಬಾರದು. ಇನ್ನೂ ಮಂಕೆನಿಸಿದರೆ ಲೈಟ್ ಮುಟ್ಟಬೇಡಿ. ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಷರ್ 0 ಇದ್ದದ್ದನ್ನು 1 ಮಾಡಿ, ಬೆಳಕು ಎರಡು ಪಟ್ಟಾಗುತ್ತದೆ.