ಕನ್ನಡಕ ಬಿಟ್ಟ ಮೇಲೂ ರೆಟಿನಾ ಪರೀಕ್ಷೆ ಬೇಕೇ?

ಪ್ರಶ್ನೆ: ನನಗೆ 34 ವರ್ಷ. ಶಾಲಾ ದಿನಗಳಿಂದಲೂ ಸಮೀಪದೃಷ್ಟಿಯಿದ್ದು, ಮೈನಸ್ 7 ಪವರಿನ ಕನ್ನಡಕ ಧರಿಸುತ್ತಿದ್ದೆ. ಲೇಸರ್ ಶಸ್ತ್ರಚಿಕಿತ್ಸೆಯ ನಂತರ ಕನ್ನಡಕವಿಲ್ಲದೆಯೇ ಚೆನ್ನಾಗಿ ಕಾಣಿಸುತ್ತಿದೆ. ಆದರೂ ವೈದ್ಯರು ರೆಟಿನಾದ ಅಂಚಿನಲ್ಲಿ ‘ಲ್ಯಾಟಿಸ್’ ಇದೆ, ವರ್ಷಕ್ಕೊಮ್ಮೆ ತಪ್ಪದೆ ತೋರಿಸಿ ಎಂದಿದ್ದಾರೆ. ಪವರೇ ಹೋದ ಮೇಲೆ ಈ ತೊಂದರೆ ಏಕೆ?

ಉತ್ತರ: ಲೇಸರ್ ಬದಲಿಸಿದ್ದು ಕಣ್ಣಿನ ಮುಂಭಾಗದ ಕಾರ್ನಿಯಾದ ಆಕಾರವನ್ನು ಮಾತ್ರ, ಕಣ್ಣುಗುಡ್ಡೆಯ ಉದ್ದ ಮೊದಲಿನಷ್ಟೇ ಇದೆ. ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ 23ರಿಂದ 24 ಮಿಲಿಮೀಟರ್ ಇರುತ್ತದೆ. ಮೈನಸ್ 6 ದಾಟಿದವರಲ್ಲಿ ಬಹುಪಾಲು 26 ಅಥವಾ ಅದಕ್ಕಿಂತ ಹೆಚ್ಚು. ಗುಡ್ಡೆ ಹೀಗೆ ಹಿಗ್ಗಿದಾಗ ಅದರ ಒಳಮೈಗೆ ಅಂಟಿಕೊಂಡಿರುವ ರೆಟಿನಾ ಎಳೆತಕ್ಕೆ ಸಿಕ್ಕಿ ತೆಳುವಾಗುತ್ತದೆ.

ಲ್ಯಾಟಿಸ್ ಎಂದರೆ ಅಂಚಿನಲ್ಲಿ ಪಟ್ಟಿಯಂತೆ ತೆಳುವಾದ ಜಾಗ. ಅದಿದ್ದವರಲ್ಲಿ ಹೆಚ್ಚಿನವರ ರೆಟಿನಾ ಎಂದೂ ಕಳಚುವುದಿಲ್ಲವಾದ್ದರಿಂದ ನೀವು ಗಾಬರಿಪಡಬೇಕಿಲ್ಲ. ಆದರೆ ಆ ಪಟ್ಟಿಯ ಅಂಚುಗಳಿಗೆ ಕಣ್ಣೊಳಗಿನ ಲೋಳೆಯಂಥ ವಿಟ್ರಿಯಸ್ ಬಲವಾಗಿ ಅಂಟಿಕೊಂಡಿರುತ್ತದೆ. ವಯಸ್ಸಾದಂತೆ ಬಹುತೇಕರಲ್ಲಿ ಈ ಲೋಳೆ ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ, ಸಮೀಪದೃಷ್ಟಿಯವರಲ್ಲಿ ಇನ್ನೂ ಬೇಗ. ಆಗ ಅಂಟಿದ ಕಡೆ ರೆಟಿನಾ ಹರಿದರೆ, ಸೀಳಿನೊಳಗೆ ದ್ರವ ನುಗ್ಗಿ ಅದು ಗೋಡೆಯಿಂದ ಕಳಚತೊಡಗುತ್ತದೆ. ಇದರಲ್ಲಿ ನೋವು ಇರುವುದಿಲ್ಲ, ಆದ್ದರಿಂದಲೇ ಜನ ತಡಮಾಡುತ್ತಾರೆ. ಕತ್ತಲಲ್ಲಿ ಕಣ್ಣಂಚಿನಲ್ಲಿ ಮಿಂಚಿದಂತಾಗುವುದು, ಮಸಿ ಚಿಮುಕಿಸಿದಂತೆ ಹಠಾತ್ತನೆ ಹತ್ತಾರು ಕಪ್ಪು ಚುಕ್ಕೆಗಳು ತೇಲಿಬರುವುದು, ದೃಷ್ಟಿಯ ಒಂದು ಬದಿಗೆ ಪರದೆ ಇಳಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ನೇತ್ರವೈದ್ಯರ ಬಳಿ ಹೋಗಿ. ರೆಟಿನಾ ಕಳಚುವ ಮೊದಲೇ ಸೀಳು ಸಿಕ್ಕರೆ ಅದರ ಸುತ್ತ ಲೇಸರ್ ಹಾಕಿ ಸಾಮಾನ್ಯವಾಗಿ ಅಂದೇ ಮನೆಗೆ ಕಳುಹಿಸಬಹುದು. ಕಳಚಿದ ಮೇಲೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಬೇಕು, ರೆಟಿನಾದ ನಡುವಿನಲ್ಲಿದ್ದು ಸ್ಪಷ್ಟ ನೋಟ ಕೊಡುವ ಭಾಗವಾದ ಮ್ಯಾಕ್ಯುಲಾ ಕಳಚಿದ್ದರೆ ಮೊದಲಿನ ದೃಷ್ಟಿ ಪೂರ್ತಿಯಾಗಿ ಮರಳದೇ ಇರಬಹುದು.

ನೇರ ಗೆರೆಗಳು ಡೊಂಕಾಗಿ ಕಂಡರೂ ಉದಾಸೀನ ಬೇಡ. ಹಿಗ್ಗಿದ ಕಣ್ಣಿನಲ್ಲಿ ಮ್ಯಾಕ್ಯುಲಾದ ಕೆಳಗೆ ಹೊಸ ರಕ್ತನಾಳಗಳು ಬೆಳೆದು ಸೋರುವುದುಂಟು. ಕಣ್ಣೊಳಗೆ ಕೊಡುವ ಇಂಜೆಕ್ಷನ್‌ನಿಂದ ಅದನ್ನು ಹತೋಟಿಗೆ ತರಬಹುದು.

ಪವರ್ ಪರೀಕ್ಷೆಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಡ್ರಾಪ್ಸ್ ಹಾಕಿ ಪಾಪೆಯನ್ನು ಹಿಗ್ಗಿಸಿ ಅಂಚಿನವರೆಗೂ ನೋಡಬೇಕು. ಆಮೇಲೆ ಕೆಲವು ಗಂಟೆ ಮಂಜಾಗಿರುವುದರಿಂದ ವಾಹನ ಓಡಿಸಬೇಡಿ. ಕನ್ನಡಕವಿಲ್ಲದ ನಿಮ್ಮನ್ನು ನೋಡಿ ಹೊಸ ವೈದ್ಯರಿಗೆ ಏನೂ ಹೊಳೆಯದಿರಬಹುದು, ಹಳೆಯ ಪವರನ್ನೂ ಲೇಸರ್ ಮಾಡಿಸಿದ್ದನ್ನೂ ನೀವೇ ಹೇಳಿ. ಆ ಕಾಗದಗಳನ್ನು ಜೋಪಾನವಾಗಿಡಿ: ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಾದರೆ, ಒಳಗಿಡುವ ಲೆನ್ಸಿನ ಲೆಕ್ಕಕ್ಕೂ ಅವು ಬೇಕಾಗುತ್ತವೆ.