ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್, ಒಳಗೆ ಹಸೆ ಹಾಡು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2011ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದೆ. ಮಗಳ ಮದುವೆಯ ಫೋಟೊ, ವಿಡಿಯೊ, ನಾನು ಊರೂರು ತಿರುಗಿ ಸಂಗ್ರಹಿಸಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಸೆ ಹಾಡುಗಳು ಎಲ್ಲವೂ ಅದರಲ್ಲೇ ಇವೆ. ಸುರಕ್ಷತೆಗೆಂದು ಡಿ ಡ್ರೈವ್‌ಗೂ ನಕಲು ಮಾಡಿದ್ದೇನೆ. ಈಚೆಗೆ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಮೇಷ್ಟ್ರೇ, ಮೊದಲು ಕಂಪ್ಯೂಟರನ್ನು ಆಫ್ ಮಾಡಿ. ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಓದುವ ಭಾಗವಾದ ಹೆಡ್ ತನ್ನ ಜಾಗ ಸಿಗದೆ ತಡಕಾಡುವಾಗ ಇಂಥ ಸದ್ದು ಬರುತ್ತದೆ. ಫಾರ್ಮ್ಯಾಟ್‌ನಿಂದ ಅದು ವಾಸಿಯಾಗುವುದಿಲ್ಲ. ಡಿಫ್ರಾಗ್ (ಚದುರಿದ ಕಡತಗಳನ್ನು ಒಟ್ಟಾಗಿ ಜೋಡಿಸುವ ಕೆಲಸ) ಕೂಡ ಬೇಡ, ದಣಿದ ಎತ್ತಿಗೆ ಮತ್ತೊಂದು ಗದ್ದೆ ಉಳಲು ಹೇಳಿದಂತಾಗುತ್ತದೆ. ಇನ್ನು ಡಿ ಡ್ರೈವ್: ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಸಿ, ಡಿ ಎರಡೂ ಒಂದೇ ಡಿಸ್ಕಿನೊಳಗಿನ ಕೋಣೆಗಳು. ಸೂರು ಕುಸಿದರೆ ಎರಡೂ ಹೋಗುತ್ತವೆ.

1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು ತಂದ ಮೇಲೆಯೇ ಕಂಪ್ಯೂಟರನ್ನು ಮತ್ತೆ ಆನ್ ಮಾಡಿ. ಮೊದಲು ಹಾಡುಗಳನ್ನು ನಕಲಿಸಿ. ಬರಹದ ಕಡತಗಳು ಚಿಕ್ಕವು, ಕೆಲವೇ ನಿಮಿಷದ ಕೆಲಸ. ಮದುವೆಯ ಫೋಟೊ ನೆಂಟರ ಬಳಿಯೂ ಸಿಕ್ಕೀತು; ಆ ಹಾಡುಗಳು ಇನ್ನೆಲ್ಲಿ ಸಿಗಬೇಕು? ‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ. ಯಾವುದಾದರೂ ಕಡತ ತೊಡರಿದರೆ ‘ಸ್ಕಿಪ್’ ಒತ್ತಿ ಮುಂದೆ ಸಾಗಿ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ 100 ಜಿಬಿ ಸಾಗಲು ಎಲ್ಲ ಸರಿಯಿದ್ದರೂ ಸುಮಾರು ಒಂದು ಗಂಟೆ ಹಿಡಿಯುತ್ತದೆ, ನಿಮ್ಮ ಡಿಸ್ಕ್ ಇನ್ನೂ ತಡ ಮಾಡೀತು. ಡೆಸ್ಕ್‌ಟಾಪ್ ಮೇಲೆ, ಡೌನ್‌ಲೋಡ್ಸ್ ಒಳಗೆ ಬಿದ್ದಿರುವುದನ್ನೂ ಮರೆಯಬೇಡಿ. ಜನ ಹೆಚ್ಚಾಗಿ ಕಳೆದುಕೊಳ್ಳುವುದು ಅಲ್ಲಿಯದನ್ನೇ. ಪೆನ್ ಡ್ರೈವ್ ಬಳಸುವುದಾದರೆ, ಅದು ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಮದುವೆ ವಿಡಿಯೊ ಅದರಲ್ಲಿ ಕೂರುವುದಿಲ್ಲ.

ವಿಂಡೋಸ್ ತೆರೆದುಕೊಳ್ಳದೇ ಹೋದರೆ ಡಿಸ್ಕ್ ಬಿಚ್ಚಿಸಿ, ಸಾಟಾ–ಯುಎಸ್‌ಬಿ ಕನ್ವರ್ಟರ್ (ಒಳಗಿನ ಡಿಸ್ಕನ್ನು ಯುಎಸ್‌ಬಿ ಕಿಂಡಿಗೆ ಜೋಡಿಸುವ ಸಾಧನ) ಮೂಲಕ ಬೇರೆ ಲ್ಯಾಪ್‌ಟಾಪಿಗೆ ಜೋಡಿಸಬಹುದು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಬೇಕು, ಅಡಾಪ್ಟರ್ ಇರುವ ಕನ್ವರ್ಟರನ್ನೇ ಕೇಳಿ.

ಇನ್ನೊಂದು ತೊಡಕು ಕನ್ನಡದವರಿಗೇ ಮೀಸಲು. ಹಳೆಯ ನುಡಿ ಕಡತಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ಪೌಂಡಿನ ಗುರುತು, ಕೊನೆಗೊಂದು ‘ಕ್ಯೂ’ ಕಾಣುತ್ತವೆ. ಕಡತ ಉಳಿದಿರುತ್ತದೆ, ಹಾಡು ಮಾತ್ರ ಕಾಣುವುದಿಲ್ಲ. ಆದ್ದರಿಂದ ವಿಂಡೋಸ್‌ನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಜೊತೆಗೆ ನಕಲಿಸಿ. ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸ ನಿಧಾನವಾಗಿ ಆಗಲಿ. ಅರ್ಕಾವೊತ್ತು ಅಲ್ಲಲ್ಲಿ ಎಡವಬಹುದು, ಓದಿ ತಿದ್ದುವ ತನಕ ಮೂಲ ಕಡತವನ್ನು ಅಳಿಸಬೇಡಿ.

ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಆನ್‌ಲೈನ್ ಜಾಗದಲ್ಲಿ ಹಾಡುಗಳು ಧಾರಾಳವಾಗಿ ಹಿಡಿಯುತ್ತವೆ. ಆದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ರಂದೇ ಬೆಂಬಲ ನಿಲ್ಲಿಸಿದೆ, ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ. ಆ ಯಂತ್ರದಿಂದ ಲಾಗಿನ್ ಆಗುವುದು ಬೇಡ. ಹೊಸ ಡಿಸ್ಕನ್ನು ಮಗಳ ಮನೆಗೆ ಒಯ್ದು ಅವರ ಲ್ಯಾಪ್‌ಟಾಪಿನಿಂದ ಏರಿಸಿ, ಅದರಲ್ಲೂ ಒಂದು ಪ್ರತಿ ಬಿಡಿ. ಅಲ್ಲಿಯೇ ಫಾಂಟ್ ಹಾಕಿ ಒಂದು ಹಾಡು ತೆರೆದು ನೋಡಿ. ಅದು ಕನ್ನಡದಲ್ಲೇ ಕಂಡ ಮೇಲೆ, ಹಳೆಯ ಡಿಸ್ಕಿನ ಬದಲು ಹೊಸ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿಸಲು ಅಂಗಡಿಗೆ ಹೋಗಿ.